ಅರ್ಧ ವಕಾಲತ್ತು

ಕ್ಯಾಲಿಫೋರ್ನಿಯಾದ ಕೌಟುಂಬಿಕ ನ್ಯಾಯಾಲಯಗಳಲ್ಲಿ ಎಫ್‌ಎಲ್-950 ಎಂಬ ನಮೂನೆಯೊಂದಿದೆ. ಅದನ್ನು ಸಲ್ಲಿಸುವ ವಕೀಲರು ನ್ಯಾಯಾಧೀಶರಿಗೆ ಹೇಳುವುದು ಇಷ್ಟೇ: ಈ ಕೇಸಿನಲ್ಲಿ ನಾನಿದ್ದೇನೆ, ಆದರೆ ಪೂರ್ತಿ ಇಲ್ಲ. ಮಗು ಯಾರ ಬಳಿ ಇರಬೇಕೆಂಬ ವಿಚಾರಣೆಗೆ ಬರುತ್ತೇನೆ. ಮನೆ, ಸಾಲ, ಜೀವನಾಂಶದ ಮಾತು ಬಂದಾಗ ಕಕ್ಷಿದಾರರೇ ಎದ್ದು ನಿಲ್ಲುತ್ತಾರೆ. ಯಾವ ವಿಷಯ ತಮ್ಮದು ಎಂದು ನಮೂನೆಯ ಚೌಕಗಳಲ್ಲಿ ಗುರುತು ಹಾಕಿರುತ್ತಾರೆ. ಒಪ್ಪಿಕೊಂಡ ಕೆಲಸ ಮುಗಿದ ಮೇಲೆ ಎಫ್‌ಎಲ್-955 ಎಂಬ ಇನ್ನೊಂದು ನಮೂನೆ ಕೊಟ್ಟು ಹೊರಬರುತ್ತಾರೆ.

ಅಲ್ಲಿ ಇದಕ್ಕೆ ಲಿಮಿಟೆಡ್ ಸ್ಕೋಪ್ ಎನ್ನುತ್ತಾರೆ. ನಾನು ಅರ್ಧ ವಕಾಲತ್ತು ಎನ್ನುತ್ತೇನೆ. ಮನೆ ಅಡುಗೆಯನ್ನೆಲ್ಲ ತಾವೇ ಮಾಡಿಕೊಂಡು ಒಬ್ಬಟ್ಟಿಗೆ ಮಾತ್ರ ಭಟ್ಟರನ್ನು ಕರೆಸುವ ಲೆಕ್ಕ. ಲಾಸ್ ಏಂಜಲೀಸ್‌ನ ವಕೀಲ, ಮಧ್ಯಸ್ಥಗಾರ ಫಾರೆಸ್ಟ್ ಮಾಸ್ಟನ್ ಈ ಪದ್ಧತಿಯ ಪರವಾಗಿ ವರ್ಷಗಟ್ಟಲೆ ವಾದಿಸಿ 2000ದಲ್ಲಿ ಪುಸ್ತಕವನ್ನೇ ಬರೆದರು. ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾದರಿ ನಿಯಮ 1.2(ಸಿ) ಎರಡು ಷರತ್ತಿನ ಮೇಲೆ ಇದಕ್ಕೆ ಒಪ್ಪಿಗೆ ಕೊಡುತ್ತದೆ: ಮಿತಿ ಆ ಸಂದರ್ಭಕ್ಕೆ ಸರಿಯಾಗಿರಬೇಕು, ಕಕ್ಷಿದಾರ ತಿಳಿದು ಒಪ್ಪಿರಬೇಕು.

ಷರತ್ತುಗಳಲ್ಲಿ ಎರಡನೆಯದೇ ಕಷ್ಟದ್ದು. ಯಾವ ತುಂಡಿಗೆ ವಕೀಲರು ಬೇಕು, ಯಾವುದಕ್ಕೆ ಬೇಡ ಎಂದು ಗೊತ್ತಿರಬೇಕಾದರೆ ಅರ್ಧ ಕಾನೂನು ಮೊದಲೇ ಗೊತ್ತಿರಬೇಕು. ಜನ ಎಡವುವುದು ಇಲ್ಲೇ. ಅರ್ಜಿ ಬರೆಸಲು ದುಡ್ಡು ಸುರಿದು, ಒಪ್ಪಂದಕ್ಕೆ ಸಹಿ ಹಾಕುವಾಗ ಕೈ ಖಾಲಿ ಮಾಡಿಕೊಂಡಿರುತ್ತಾರೆ. ತಿರುಗುಮುರುಗಾಗಬೇಕಿತ್ತು.

ಏಕೆಂದರೆ ಅಲ್ಲಿ ಕಾಗದದ ಕೆಲಸ ಅಷ್ಟು ಭಯಂಕರವಾದದ್ದಲ್ಲ. ರಾಜ್ಯದಲ್ಲಿ ಆರು ತಿಂಗಳು, ಕೌಂಟಿಯಲ್ಲಿ ಮೂರು ತಿಂಗಳು ವಾಸವಿದ್ದರೆ ವಿಚ್ಛೇದನದ ಅರ್ಜಿ ಹಾಕಬಹುದು. ಅರ್ಜಿ, ಸಮನ್ಸು, ಆದಾಯ-ಖರ್ಚಿನ ಘೋಷಣೆ, ಆಸ್ತಿಪಟ್ಟಿ ಎಲ್ಲಕ್ಕೂ ಅಚ್ಚು ಹಾಕಿದ ನಮೂನೆಗಳಿವೆ. ಶುಲ್ಕ 435ರಿಂದ 450 ಡಾಲರ್; ಕಟ್ಟಲಾಗದವರು ಮನ್ನಾ ಕೇಳಬಹುದು. 58 ಕೌಂಟಿಗಳಲ್ಲೂ ಫ್ಯಾಮಿಲಿ ಲಾ ಫೆಸಿಲಿಟೇಟರ್ ಎಂಬ ಕೋರ್ಟಿನ ವಕೀಲರಿದ್ದು, ಮಕ್ಕಳ ಪೋಷಣಾ ವೆಚ್ಚ, ಜೀವನಾಂಶದ ಕಾಗದಗಳನ್ನು ತುಂಬಲು ಪುಕ್ಕಟೆ ನೆರವಾಗುತ್ತಾರೆ. ಆದರೆ ಅವರು ಯಾರ ಪರವೂ ಅಲ್ಲ. ಬೆಳಿಗ್ಗೆ ನಿಮಗೆ ಫಾರಂ ತುಂಬಿಸಿದವರು ಮಧ್ಯಾಹ್ನ ನಿಮ್ಮ ಗಂಡನಿಗೂ ತುಂಬಿಸಬಹುದು. ನೀವು ಹೇಳಿದ ಗುಟ್ಟಿಗೆ ಅಲ್ಲಿ ವಕೀಲ-ಕಕ್ಷಿದಾರರ ನಡುವಿನ ರಕ್ಷಣೆ ಇಲ್ಲ.

ಗಟ್ಟಿ ಕಾಳು ಸಿಗುವುದು ಆಸ್ತಿಪಟ್ಟಿಯಲ್ಲಿ. ಸಿಲಿಕಾನ್ ಕಣಿವೆಯಲ್ಲಿ ಕನ್ನಡದ ಮನೆಗಳು ಕಡಿಮೆಯಿಲ್ಲ. ಸನ್ನಿವೇಲ್‌ನ ಒಂದು ಜೋಡಿಯನ್ನು ಕಲ್ಪಿಸಿಕೊಳ್ಳಿ. ಗಂಡ 2016ರ ಜನವರಿಯಲ್ಲಿ ಕಂಪನಿ ಸೇರಿದ, ಆಗಲೇ ಮದುವೆಯಾಗಿತ್ತು. 2019ರ ಜನವರಿಯಲ್ಲಿ ಕಂಪನಿ 600 ಷೇರು ಮಂಜೂರು ಮಾಡಿತು. 2020ರ ಜನವರಿಯಲ್ಲಿ ಇಬ್ಬರೂ ಬೇರೆಯಾದರು. ಷೇರು ಕೈಗೆ ಬಂದದ್ದು 2022ರ ಜನವರಿಯಲ್ಲಿ. ದಾಂಪತ್ಯದಲ್ಲಿ ದುಡಿದದ್ದೆಲ್ಲ ಇಬ್ಬರಿಗೂ ಸಮಪಾಲು ಎಂಬುದು ಆ ರಾಜ್ಯದ ಕಾನೂನು. ಹಾಗಾದರೆ ಈ ಷೇರುಗಳಲ್ಲಿ ಹೆಂಡತಿಗೆಷ್ಟು?

ಉತ್ತರ ಎರಡು. 1984ರ ಹಗ್ ಪ್ರಕರಣದ ಸೂತ್ರ ಕೆಲಸಕ್ಕೆ ಸೇರಿದ ದಿನದಿಂದ ಎಣಿಸುತ್ತದೆ. ಆರು ವರ್ಷದಲ್ಲಿ ನಾಲ್ಕು ವರ್ಷ ಸಂಸಾರದ್ದು, 400 ಷೇರು ಜಂಟಿ, ಹೆಂಡತಿಗೆ 200. 1986ರ ನೆಲ್ಸನ್ ಪ್ರಕರಣದ ಸೂತ್ರ ಮಂಜೂರಾದ ದಿನದಿಂದ ಎಣಿಸುತ್ತದೆ. ಮೂರು ವರ್ಷದಲ್ಲಿ ಒಂದು ವರ್ಷ ಸಂಸಾರದ್ದು, 200 ಜಂಟಿ, ಆಕೆಗೆ 100. ಷೇರು ಹಿಂದಿನ ದುಡಿಮೆಗೆ ಕೊಟ್ಟ ಬಹುಮಾನವೋ, ಮುಂದೆ ಕಂಪನಿ ಬಿಡದಿರಲೆಂದು ಹಾಕಿದ ಗಾಳವೋ ಎಂಬುದರ ಮೇಲೆ ಸೂತ್ರ ನಿರ್ಧಾರವಾಗುತ್ತದೆ. ಅದಕ್ಕೆ ಮಂಜೂರಾತಿ ಪತ್ರವನ್ನು ಸಾಲುಸಾಲಾಗಿ ಓದಬೇಕು. ಯಾವ ನಮೂನೆಯೂ ಇದನ್ನು ಹೇಳಿಕೊಡುವುದಿಲ್ಲ. ಬಲ್ಲ ವಕೀಲರಿಗೆ ಇದು ಕೆಲವು ಗಂಟೆಗಳ ಕೆಲಸ, ಕಕ್ಷಿದಾರಳಿಗೆ ಪಾಲು ಇಮ್ಮಡಿಯಾಗುವ ಪ್ರಶ್ನೆ. ಅರ್ಧ ವಕಾಲತ್ತಿನ ದುಡ್ಡು ಹೋಗಬೇಕಾದ್ದು ಇಂಥಲ್ಲಿಗೆ. ನಿವೃತ್ತಿ ಖಾತೆ ಒಡೆಯುವ ಆದೇಶವೂ ಹೀಗೆಯೇ. ಡಿಕ್ರಿಯಲ್ಲಿ ‘ಅರ್ಧ’ ಎಂದು ಬರೆದರೆ ಸಾಲದು; ಯೋಜನೆಯ ಆಡಳಿತಗಾರರು ಒಪ್ಪುವ ಭಾಷೆಯಲ್ಲಿ ಪ್ರತ್ಯೇಕ ಆದೇಶ ಬೇಕು. ಬರೀ ಅದನ್ನೇ ಬರೆದುಕೊಡುವ ವಕೀಲರೂ ಅಲ್ಲಿದ್ದಾರೆ.

ನಮ್ಮವರಿಗೆ ಇನ್ನೊಂದು ತೊಡಕಿದೆ, ಅದನ್ನು ಸ್ಯಾನ್ ಹೋಸೆಯ ವಕೀಲರು ಬಿಡಿಸಲಾರರು. ಮದುವೆ ಶಿವಮೊಗ್ಗದ ಛತ್ರದಲ್ಲಿ, ಹಿಂದೂ ವಿವಾಹ ಕಾಯ್ದೆಯಡಿ ಆಗಿರುತ್ತದೆ. ಕ್ಯಾಲಿಫೋರ್ನಿಯಾ ಕೊಡುವ ವಿಚ್ಛೇದನಕ್ಕೆ ‘ಸರಿಪಡಿಸಲಾಗದ ಭಿನ್ನಾಭಿಪ್ರಾಯ’ ಎಂಬ ಕಾರಣ ಸಾಕು. ನಮ್ಮ ಕಾಯ್ದೆಯಲ್ಲಿ ಆ ಕಾರಣವೇ ಇಲ್ಲ. ತಿರುಪತಿಯಲ್ಲಿ ಮದುವೆಯಾದ ದಂಪತಿಯ ಪ್ರಕರಣದಲ್ಲಿ, ಗಂಡ ಮಿಸೌರಿಯ ಕೋರ್ಟಿನಿಂದ ತಂದ ಡಿಕ್ರಿಯನ್ನು ನಮ್ಮ ಸುಪ್ರೀಂ ಕೋರ್ಟ್ 1991ರಲ್ಲಿ ಮಾನ್ಯ ಮಾಡಲಿಲ್ಲ. ಆತ ಅಷ್ಟರಲ್ಲಿ ಇನ್ನೊಂದು ಮದುವೆಯಾಗಿದ್ದ. ವೈ. ನರಸಿಂಹ ರಾವ್ ಪ್ರಕರಣವೆಂದು ಹೆಸರಾದ ಆ ತೀರ್ಪು ವಿನಾಯಿತಿಗಳನ್ನೂ ಹೇಳಿದೆ. ಎದುರು ಪಕ್ಷ ಮನಃಪೂರ್ವಕವಾಗಿ ಒಪ್ಪಿರುವುದು ಅವುಗಳಲ್ಲೊಂದು. ಅಮೆರಿಕದ ಡಿಕ್ರಿ ಇಲ್ಲಿ ನಿಲ್ಲುತ್ತದೆಯೋ, ಇಲ್ಲೂ 13ಬಿ ಕಲಮಿನಡಿ ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಬೇಕೋ ಎಂದು ಬೆಂಗಳೂರಿನ ವಕೀಲರೊಬ್ಬರನ್ನು ಒಂದು ಗಂಟೆ ಕೇಳಿದರೆ ಮುಂದಿನ ಎಷ್ಟೋ ವರ್ಷಗಳ ತಲೆನೋವು ತಪ್ಪುತ್ತದೆ. ಎಚ್-4 ವೀಸಾದಲ್ಲಿರುವವರು ವಲಸೆ ವಕೀಲರನ್ನೂ ಕೇಳಬೇಕು. ವಿಚ್ಛೇದನ ಅಂತಿಮವಾದ ದಿನವೇ ಆ ಅವಲಂಬಿತ ಸ್ಥಾನಮಾನ ಮುಗಿಯುತ್ತದೆ. ಅಲ್ಲಿಗೆ ಒಂದೇ ಮನೆಯ ಕೇಸಿಗೆ ಮೂವರು ವಕೀಲರು, ಮೂವರೂ ಅರ್ಧರ್ಧ.

ಎಲ್ಲ ಕೇಸಿಗೂ ಇದು ಹೊಂದುವುದಿಲ್ಲ. ಮನೆಯಲ್ಲಿ ಹೊಡೆತ-ಬಡಿತವಿದ್ದರೆ, ಮಗುವನ್ನು ದೇಶ ದಾಟಿಸುವ ಭಯವಿದ್ದರೆ, ಎದುರಿನವರು ಪೂರ್ತಿ ವಕೀಲರ ತಂಡವನ್ನೇ ಇಟ್ಟುಕೊಂಡಿದ್ದರೆ ಅರ್ಧ ವಕಾಲತ್ತು ಮಿತವ್ಯಯವಲ್ಲ, ಅಪಾಯ. ಮಗುವಿನ ವಿಷಯದಲ್ಲಂತೂ ಹುಷಾರಾಗಿರಬೇಕು. ಮಕ್ಕಳ ಅಂತರರಾಷ್ಟ್ರೀಯ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ.

ಈಗ ಬೆಂಗಳೂರಿಗೆ ಬರೋಣ. ಎಚ್. ಸಿದ್ದಯ್ಯ ರಸ್ತೆಯಲ್ಲಿ ಕೌಟುಂಬಿಕ ನ್ಯಾಯಾಲಯವಿರುವ ನ್ಯಾಯದೇಗುಲದಲ್ಲಿ ಕಕ್ಷಿದಾರರಿಗಿಂತ ಕರಿಕೋಟುಗಳೇ ಹೆಚ್ಚು ಕಾಣುತ್ತವೆ. ಆದರೆ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಮು ಹೇಳುವುದೇ ಬೇರೆ: ವಕೀಲರ ಮೂಲಕವೇ ಹಾಜರಾಗುತ್ತೇನೆಂಬುದು ಯಾರ ಹಕ್ಕೂ ಅಲ್ಲ, ಬೇಕೆನಿಸಿದರೆ ನ್ಯಾಯಾಲಯವೇ ಕಾನೂನು ತಜ್ಞರ ನೆರವು ಪಡೆಯಬಹುದು. ಗಂಡ-ಹೆಂಡತಿ ತಮ್ಮ ಮಾತು ತಾವೇ ಆಡಲಿ, ಜಗಳ ವಾದವಾಗಿ ಬೆಳೆಯದಿರಲಿ ಎಂಬ ಆಶಯ. ಆಗಿದ್ದೇನೆಂದರೆ, ಅನುಮತಿ ಕೇಳಿದರೆ ಸಾಮಾನ್ಯವಾಗಿ ಸಿಗುತ್ತದೆ, ಎಲ್ಲರೂ ವಕಾಲತ್ತು ಹಾಕುತ್ತಾರೆ. ಕಾನೂನು ವಕೀಲರಿಲ್ಲದ ಕಕ್ಷಿದಾರರನ್ನು ಕಲ್ಪಿಸಿಕೊಂಡಿತೇ ಹೊರತು, ಅವರಿಗೆ ನಡುವೆ ಒಂದು ಊರುಗೋಲು ಬೇಕಾದೀತೆಂದು ಯೋಚಿಸಲಿಲ್ಲ. ಇದು ನನ್ನ ದೂರು.

ವಕಾಲತ್ತಿನ ಸ್ವಭಾವವೇ ಇಡಿಯಾದದ್ದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ 4ನೇ ನಿಯಮದಂತೆ ಒಮ್ಮೆ ಸಲ್ಲಿಸಿದ ವಕಾಲತ್ತು, ಕೋರ್ಟಿನ ಅನುಮತಿ ಪಡೆದು ಕೈಬಿಡುವವರೆಗೆ, ಇಬ್ಬರಲ್ಲೊಬ್ಬರು ತೀರಿಕೊಳ್ಳುವವರೆಗೆ ಅಥವಾ ಪ್ರಕರಣ ಪೂರ್ತಿ ಮುಗಿಯುವವರೆಗೆ ಜಾರಿಯಲ್ಲಿರುತ್ತದೆ. ಎಫ್‌ಎಲ್-955ರಂಥ ಹೊರಬಾಗಿಲಿಲ್ಲ. ವಾದ ಮಾಡಲೆಂದಷ್ಟೇ ಬಂದ ವಕೀಲರಿಗೆ ಮೆಮೊ ಆಫ್ ಅಪಿಯರೆನ್ಸ್ ಎಂಬ ಸಣ್ಣ ಕಿಂಡಿ ಅದೇ ನಿಯಮದಲ್ಲಿದೆ, ಆದರೆ ವಕೀಲರಿಲ್ಲದ ಕಕ್ಷಿದಾರರಿಗೆ ಅದರ ಸುದ್ದಿ ಹೇಳುವವರು ಯಾರು?

ಹಾಗೆಂದು ಇಲ್ಲಿ ತುಂಡು ನೆರವು ಸಿಗುವುದೇ ಇಲ್ಲವೆಂದಲ್ಲ. ಕೋರ್ಟಿನ ಒಳಗಿಲ್ಲದ್ದು ಹೊರಗಿದೆ. ಅರ್ಜಿಯ ಕರಡು ನೋಡಿ ತಿದ್ದಿಕೊಡಿ ಎಂದು ಕೇಳಲು ವಕಾಲತ್ತು ಬೇಕಿಲ್ಲ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ-ಋಣದ ಅಫಿಡವಿಟ್ ಸಲ್ಲಿಸಬೇಕೆಂದು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ ಮೇಲೆ, ಎದುರಿನವರ ಅಫಿಡವಿಟ್‌ನಲ್ಲಿ ಏನು ಬಿಟ್ಟುಹೋಗಿದೆ ಎಂದು ಹುಡುಕಿಕೊಡುವುದೇ ಒಳ್ಳೆಯ ತುಂಡು ಕೆಲಸ. ಪಾಟೀಸವಾಲನ್ನು ಮಾತ್ರ ಸ್ವಂತಕ್ಕೆ ಇಟ್ಟುಕೊಳ್ಳಬೇಡಿ. ಹತ್ತು ವರ್ಷ ಜೊತೆಗೆ ಬಾಳಿದವರನ್ನು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿ ತಾನೇ ಪ್ರಶ್ನೆ ಕೇಳಿದರೆ ಪ್ರಶ್ನೆ ಹೊರಡುವುದಿಲ್ಲ, ಜಗಳ ಹೊರಡುತ್ತದೆ. ಹೆಣ್ಣುಮಕ್ಕಳಿಗಂತೂ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಆದಾಯ ಎಷ್ಟಿದ್ದರೂ ಉಚಿತ ವಕೀಲರನ್ನು ಕೇಳುವ ಹಕ್ಕಿದೆ. ಸಹಾಯವಾಣಿ 15100.

ಒಂದೇ ಒಂದು ಕೆಲಸಕ್ಕೆ ಫೀಸು ಕೊಡುವಷ್ಟು ಮಾತ್ರ ಕೈಯಲ್ಲಿದ್ದರೆ, ಪರಸ್ಪರ ಒಪ್ಪಿಗೆಯ 13ಬಿ ಅರ್ಜಿಗೆ ಸಹಿ ಹಾಕುವ ಮೊದಲು ಅದನ್ನು ಓದಿಸಲು ಖರ್ಚು ಮಾಡಿ, ಓದುವವರು ಎದುರಿನವರು ಗೊತ್ತುಮಾಡಿದ ವಕೀಲರಾಗದಿರಲಿ. ಇಂಥ ಅರ್ಜಿಗಳಲ್ಲಿ ಮುಂದೆ ಪರಸ್ಪರ ಯಾವ ಹಕ್ಕನ್ನೂ ಕೇಳುವುದಿಲ್ಲವೆಂಬ ಸಾಲು ಒಂದು ಬಂದೇ ಬರುತ್ತದೆ, ಎಲ್ಲರೂ ಅದರ ಮೇಲೆ ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ತನ್ನ ಪಾಲಿಗೆ ಏನನ್ನು ಬಿಟ್ಟುಕೊಡುತ್ತಿದ್ದೇನೆಂದು ತಾಯಿ ತಿಳಿದು ಬಿಡಲಿ. ಮಗುವಿನ ಪೋಷಣೆಯ ಹಕ್ಕನ್ನು ಬಿಟ್ಟುಕೊಡುವ ಅಧಿಕಾರ ಮಾತ್ರ ಅವಳಿಗೂ ಇಲ್ಲ, ಅಪ್ಪನಿಗೂ ಇಲ್ಲ.