ಗದ್ದೆಯ ಕೆಸರಿನಲ್ಲಿ ಎರಡು ವಂಶ

ಹುಲ್ಲಹಳ್ಳಿ ನಾಲೆಗೆ ನೀರು ಬಿಟ್ಟರೆ ನಂಜನಗೂಡು ಸೀಮೆಯ ಗದ್ದೆಗಳಲ್ಲಿ ನಾಟಿಯ ಗಡಿಬಿಡಿ. ಅತ್ತ ತಿ. ನರಸೀಪುರ ತಾಲ್ಲೂಕಿನಲ್ಲಿ ಮಾಧವಮಂತ್ರಿ ಅಣೆಕಟ್ಟೆಯ ನೀರುಂಡು ತಲಕಾಡಿನ ಬಯಲೂ ಹಸಿರಾಗುತ್ತದೆ. ನೀರು ನಿಂತ ಗದ್ದೆಗೆ ಕಾಲಿಟ್ಟರೆ ಕೆಸರಿನಿಂದ ಗುಳ್ಳೆ ಏಳುತ್ತದೆ. ಅದರಲ್ಲಿರುವ ಮೀಥೇನ್ ಅನಿಲವನ್ನು ತಯಾರಿಸುವುದು ಬ್ಯಾಕ್ಟೀರಿಯಾ ಅಲ್ಲ. ಆರ್ಕಿಯಾ ಎಂಬ ಬೇರೆಯೇ ವಂಶದ ಸೂಕ್ಷ್ಮಜೀವಿ.

ನೋಟಕ್ಕೆ ಎರಡೂ ಒಂದೇ. ಎರಡಕ್ಕೂ ಒಂದೇ ಜೀವಕೋಶ, ಒಳಗೆ ಕೋಶಕೇಂದ್ರವಿಲ್ಲ. ಸೂಕ್ಷ್ಮದರ್ಶಕದಡಿ ಬೇರ್ಪಡಿಸುವುದು ಕಷ್ಟ. ಹಾಗಾಗಿಯೇ 1969ರಲ್ಲಿ ವಿಜ್ಞಾನಿ ವಿಟ್ಟೇಕರ್ ಜೀವಲೋಕವನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಇವೆಲ್ಲವೂ ‘ಮೊನೆರಾ’ ಎಂಬ ಒಂದೇ ಗುಂಪಿಗೆ ಸೇರಿದವು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ರೂಪವನ್ನು ಬದಿಗಿಟ್ಟು ರೈಬೋಸೋಮಿನ ಆರ್‌ಎನ್‌ಎ ಹೋಲಿಸಿ ನೋಡಿದರು. ಪ್ರೋಟೀನ್ ಕಟ್ಟುವ ರೈಬೋಸೋಮ್ ಎಲ್ಲ ಜೀವಕೋಶಗಳಲ್ಲೂ ಇದೆ, ಬಹಳ ನಿಧಾನವಾಗಿ ಬದಲಾಗುತ್ತದೆ. ಆದ್ದರಿಂದ ಅದರಲ್ಲಿ ವಂಶಾವಳಿಯನ್ನು ಓದಬಹುದು. ಮೀಥೇನ್ ತಯಾರಿಸುವ ಜೀವಿಗಳ ಆರ್‌ಎನ್‌ಎ ಅತ್ತ ಬ್ಯಾಕ್ಟೀರಿಯಾವನ್ನೂ ಹೋಲಲಿಲ್ಲ, ಇತ್ತ ಗಿಡ–ಪ್ರಾಣಿಗಳನ್ನೂ ಹೋಲಲಿಲ್ಲ. 1977ರಲ್ಲಿ ಅವರು ಇದನ್ನು ಪ್ರಕಟಿಸಿದರು. 1990ರಲ್ಲಿ ವೋಸ್, ಕಾಂಡ್ಲರ್ ಮತ್ತು ವೀಲಿಸ್ ಜೀವಲೋಕಕ್ಕೆ ಮೂರು ಡೊಮೇನ್ (ಅತಿ ದೊಡ್ಡ ವಿಭಾಗ) ಸೂಚಿಸಿದರು: ಬ್ಯಾಕ್ಟೀರಿಯಾ, ಆರ್ಕಿಯಾ, ಯೂಕೇರಿಯಾ. ಭತ್ತ, ಅಣಬೆ, ಹಸು, ನಾವು ಎಲ್ಲರೂ ಮೂರನೆಯದರಲ್ಲಿ.

ವ್ಯತ್ಯಾಸ ಆಳವಾದುದು. ಬಹುತೇಕ ಬ್ಯಾಕ್ಟೀರಿಯಾಗಳ ಕೋಶಭಿತ್ತಿಯಲ್ಲಿ ಪೆಪ್ಟಿಡೋಗ್ಲೈಕಾನ್ ಇದೆ. ಪೆನಿಸಿಲಿನ್ ಕೊಲ್ಲುವುದು ಆ ಭಿತ್ತಿ ಕಟ್ಟುವ ಕೆಲಸವನ್ನು ತಡೆದು. ಆರ್ಕಿಯಾದಲ್ಲಿ ಆ ವಸ್ತುವೇ ಇಲ್ಲ, ಹಾಗಾಗಿ ಅದಕ್ಕೆ ಪೆನಿಸಿಲಿನ್ ತಾಗದು. ಪೊರೆಯ ಕೊಬ್ಬಿನಲ್ಲಿ ಬ್ಯಾಕ್ಟೀರಿಯಾಕ್ಕೆ ಎಸ್ಟರ್ ಬಂಧ, ಆರ್ಕಿಯಾಕ್ಕೆ ಹೆಚ್ಚು ಗಟ್ಟಿಯಾದ ಈಥರ್ ಬಂಧ. ಡಿಎನ್‌ಎಯಿಂದ ಆರ್‌ಎನ್‌ಎ ನಕಲು ಮಾಡುವ ಆರ್ಕಿಯಾದ ಕಿಣ್ವವಂತೂ ನಮ್ಮದಕ್ಕೇ ಹತ್ತಿರ. ನಮ್ಮ ಯೂಕೇರಿಯಾ ವಂಶ ಆರ್ಕಿಯಾದಿಂದಲೇ ಕವಲೊಡೆಯಿತೆಂದು ಇಂದು ಬಹಳಷ್ಟು ವಿಜ್ಞಾನಿಗಳು ನಂಬುತ್ತಾರೆ.

ಬ್ಯಾಕ್ಟೀರಿಯಾ, ಆರ್ಕಿಯಾ ಎಂಬ ಈ ಎರಡು ವಂಶಗಳು ಜೊತೆಗೂಡಿ ದುಡಿಯುವುದನ್ನು ರೈತರ ಹಿತ್ತಲಿನ ಗೋಬರ್ ಗ್ಯಾಸ್ ಗುಂಡಿಯಲ್ಲಿ ಕಾಣಬಹುದು. ಮೊದಲು ಬ್ಯಾಕ್ಟೀರಿಯಾಗಳು ಸಗಣಿಯಲ್ಲಿ ಉಳಿದ ನಾರನ್ನು ಒಡೆದು ಆಮ್ಲ, ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಮಾಡುತ್ತವೆ. ಆರ್ಕಿಯಾಗಳು ಅವನ್ನು ಮೀಥೇನ್ ಆಗಿಸುತ್ತವೆ. ಒಲೆ ಉರಿಯುವುದು ಅದರಿಂದಲೇ. ಆರ್ಕಿಯಾ ನಿಧಾನವಾಗಿ ಬೆಳೆಯುತ್ತದೆ. ಒಮ್ಮೆಲೇ ಅತಿಯಾಗಿ ತುಂಬಿದರೆ ಆಮ್ಲ ಹೆಚ್ಚಿ ಅದು ಸೊರಗುತ್ತದೆ, ಉರಿ ಕುಂದುತ್ತದೆ. ಆಗ ತುಂಬುವುದನ್ನು ಕೆಲವು ದಿನ ನಿಲ್ಲಿಸಬೇಕು. ಚೆನ್ನಾಗಿ ನಡೆಯುತ್ತಿರುವ ಗುಂಡಿಯ ಬಗ್ಗಡ ತಂದು ಬೆರೆಸಿದರೆ ಅನುಕೂಲ. ಹಸುವಿನ ಹೊಟ್ಟೆಯಲ್ಲೇ ಆರ್ಕಿಯಾ ಇರುವುದರಿಂದ ಸಗಣಿಯೊಂದಿಗೇ ಅದು ಗುಂಡಿ ಸೇರುತ್ತದೆ.

ಗದ್ದೆಯಲ್ಲೂ ಇದೇ ಕಥೆ, ಫಲ ಮಾತ್ರ ಬೇರೆ. ಕೆಸರಿನ ಮೀಥೇನ್ ಬಹುಪಾಲು ಭತ್ತದ ಪೈರಿನೊಳಗಿನ ಗಾಳಿದಾರಿಯಿಂದ ವಾತಾವರಣ ಸೇರಿ ಭೂಮಿಯ ಬಿಸಿ ಏರಿಸುತ್ತದೆ. ಬೇರಿನ ಸುತ್ತ ಆಮ್ಲಜನಕ ಸಿಗುವಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಅದರಲ್ಲಿ ಒಂದಿಷ್ಟನ್ನು ತಿಂದು ಮುಗಿಸುತ್ತವೆ: ಒಂದು ವಂಶ ಮಾಡಿದ್ದು ಇನ್ನೊಂದಕ್ಕೆ ಆಹಾರ. ಮೀಥೇನ್ ತಯಾರಿಸುವ ಆರ್ಕಿಯಾ ಆಮ್ಲಜನಕವನ್ನು ಸಹಿಸದು. ಆದ್ದರಿಂದ ನೀರನ್ನು ಸದಾ ನಿಲ್ಲಿಸದೆ ಒಮ್ಮೆ ಕಟ್ಟಿ, ಒಮ್ಮೆ ಆರಿಸುತ್ತ ಬಂದರೆ ಮೀಥೇನ್ ತಗ್ಗುತ್ತದೆ, ಕಾವೇರಿ–ಕಪಿಲೆಯರ ನೀರೂ ಉಳಿಯುತ್ತದೆ.

ಹೊಲಗದ್ದೆಯ ಬೇರೆ ಕೆಲಸಗಳಲ್ಲೂ ಎರಡು ವಂಶಗಳ ವ್ಯತ್ಯಾಸ ಕಾಣುತ್ತದೆ. ಭತ್ತದ ಎಲೆ ಒಣಗಿಸುವ ದುಂಡಾಣು ಅಂಗಮಾರಿ ಬ್ಯಾಕ್ಟೀರಿಯಾದ ಕೆಲಸ. ಅಲಸಂದೆ, ಉದ್ದಿನ ಬೇರುಗಂಟಿನಲ್ಲಿ ಸಾರಜನಕ ಕೂಡಿಡುವುದೂ ಬ್ಯಾಕ್ಟೀರಿಯಾವೇ. ಆರ್ಕಿಯಾದಿಂದ ರೋಗ ಬರುತ್ತದೆಂದು ಇದುವರೆಗೆ ಖಚಿತವಾಗಿ ಸಾಬೀತಾಗಿಲ್ಲ.

ಪ್ರಥಮ ಪಿಯು ಜೀವಶಾಸ್ತ್ರದ ಪುಸ್ತಕ ಆರ್ಕಿಯಾವನ್ನು ‘ಆರ್ಕಿಬ್ಯಾಕ್ಟೀರಿಯಾ’ ಎಂದು ಮೊನೆರಾದಲ್ಲೇ ಪಾಠ ಮಾಡುತ್ತದೆ. ಮೂರು ಡೊಮೇನ್‌ಗಳ ಮಾತು ಅಲ್ಲಿ ಚುಟುಕಾಗಿ ಬಂದುಹೋಗುತ್ತದೆ. ನಮ್ಮೂರಿನ ಅಧ್ಯಾಪಕರು ಆ ಒಂದು ಪಾಠಕ್ಕಾದರೂ ಮಕ್ಕಳನ್ನು ಗದ್ದೆಯ ಬದುವಿಗೆ, ಗೋಬರ್ ಗ್ಯಾಸ್ ಗುಂಡಿಯ ಬಳಿಗೆ ಕರೆದೊಯ್ಯಲಿ. ಜೀವಲೋಕದ ಅತಿ ದೊಡ್ಡ ವಿಭಜನೆಯನ್ನು ಕಲಿಸಲು ಬೇಕಾದುದೆಲ್ಲ ಈ ಎರಡು ತಾಲ್ಲೂಕುಗಳಲ್ಲೇ ಇದೆ.