ತಾಳದಿಂದ ಅಕ್ಷರಕ್ಕೆ

ಒಂದು ವೃತ್ತಿಯಲ್ಲಿ ಆಗಲೇ ನೆಲೆಯೂರಿದ ಮನುಷ್ಯನು ಅದನ್ನು ಬಿಟ್ಟು, ತನಗಿಂತ ಕಿರಿಯರ ನಡುವೆ ಮತ್ತೆ ವಿದ್ಯಾರ್ಥಿಯಾಗಿ ಕುಳಿತುಕೊಳ್ಳಬೇಕಾದರೆ ಅವನಿಗೆ ಎರಡು ಅನುಕೂಲಗಳು ಬೇಕು. ನಾಚಿಕೆಯನ್ನು ಬದಿಗಿಡುವ ಎದೆಗಾರಿಕೆ ಒಂದು. ಕಲಿಯುವಷ್ಟು ಕಾಲವೂ ಅನ್ನಕ್ಕೊಂದು ದಾರಿ ಇನ್ನೊಂದು. ಮೊದಲನೆಯದನ್ನು ಕವಿಗಳೂ ಕಥೆಗಾರರೂ ಬೇಕಾದಷ್ಟು ಕೊಂಡಾಡಿದ್ದಾರೆ. ಎರಡನೆಯದನ್ನು ಕುರಿತು ಮಾತಾಡುವುದು ಏಕೋ ಸಾಹಿತ್ಯದವರಿಗೆ ಸಂಕೋಚದ ವಿಷಯ. ಇಂದು ನಾನು ಹೇಳಹೊರಟಿರುವ ವ್ಯಕ್ತಿಯ ಕಥೆಯಲ್ಲಿ ಈ ಎರಡನೆಯದಕ್ಕೇ ಪ್ರಾಧಾನ್ಯ.

ಆತನ ಹೆಸರು ಎಡ್ ಬೆಂಗ್ಯಾಟ್. ಹೆಸರನ್ನು ನೀವು ಕೇಳಿರಲಾರಿರಿ. ಆದರೆ ಆತನ ಕೈಬರಹವನ್ನು ನೋಡಿರುತ್ತೀರಿ. 2016ರಲ್ಲಿ ಆರಂಭವಾದ ‘ಸ್ಟ್ರೇಂಜರ್ ಥಿಂಗ್ಸ್’ ಎಂಬ ಅಮೆರಿಕದ ಧಾರಾವಾಹಿಯನ್ನು ನಮ್ಮ ಊರುಗಳ ಹುಡುಗರೂ ನೋಡಿದ್ದಾರೆ. ಕಪ್ಪು ಹಿನ್ನೆಲೆಯಲ್ಲಿ ಕೆಂಪಗೆ ಹೊಳೆಯುತ್ತ ಕೂಡಿಕೊಳ್ಳುವ ಅದರ ಶೀರ್ಷಿಕೆಯ ಅಕ್ಷರಗಳು 1977ರಲ್ಲಿ ಆತ ರಚಿಸಿದ, ಆತನ ಹೆಸರನ್ನೇ ಹೊತ್ತ ಅಚ್ಚಿನ ಅಕ್ಷರಶೈಲಿ. ಅಂಥ ಆರುನೂರಕ್ಕೂ ಹೆಚ್ಚು ಶೈಲಿಗಳನ್ನು ರಚಿಸಿ, 2020ರ ಅಕ್ಟೋಬರಿನಲ್ಲಿ ತೊಂಬತ್ತೆರಡನೆಯ ವಯಸ್ಸಿನಲ್ಲಿ ಆತ ತೀರಿಕೊಂಡ. ಆದರೆ ಮೂಲತಃ ಆತ ಡ್ರಮ್ ಬಾರಿಸುವವನು.

1927ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಆತನ ತಂದೆ ದೊಡ್ಡದೊಂದು ಅಂಗಡಿಯಲ್ಲಿ ಪ್ರದರ್ಶನದ ಅಲಂಕಾರಗಳನ್ನು ನೋಡಿಕೊಳ್ಳುತ್ತಿದ್ದವರು. ಹೀಗಾಗಿ ಲೇಖನಿ, ಕುಂಚ, ಬಣ್ಣಗಳು ಮನೆಯಲ್ಲೇ ಇದ್ದವು. ಎರಡನೆಯ ಮಹಾಯುದ್ಧದ ಕಾಲಕ್ಕೆ ಸೈನ್ಯ ಸೇರಲು ವಯಸ್ಸು ಸಾಲದೆ, ಜನನಪತ್ರದ ಪ್ರತಿಯನ್ನು ತಿದ್ದಿ ವಾಯುಪಡೆ ಸೇರಿದ. (ಆತನ ಮೊದಲ ಅಕ್ಷರವಿನ್ಯಾಸ ಇದೇ ಎಂದು ಯಾರಾದರೂ ತಮಾಷೆ ಮಾಡಿದರೆ ನಾನು ಆಕ್ಷೇಪಿಸಲಾರೆ.) ಯುದ್ಧ ಮುಗಿದ ಮೇಲೆ ಜಾಸ್ ಸಂಗೀತದ ತಾಳವಾದ್ಯಗಾರನಾಗಿ ಹೆಸರು ಮಾಡಿದ. ಸ್ಟ್ಯಾನ್ ಕೆಂಟನ್, ವುಡಿ ಹರ್ಮನ್ ಮೊದಲಾದವರ ದೊಡ್ಡ ಮೇಳಗಳಲ್ಲಿ ನುಡಿಸಿದ. ಒಂದು ದಿನ ಚಂದಾ ಕಟ್ಟಲು ಸಂಗೀತಗಾರರ ಸಂಘಕ್ಕೆ ಹೋದಾಗ, ಮುಪ್ಪಿನಲ್ಲಿಯೂ ಮದುವೆಮುಂಜಿಗಳಲ್ಲಿ ಬಾರಿಸಿ ಹೊಟ್ಟೆ ಹೊರೆಯುತ್ತಿದ್ದ ಹಿರಿಯ ವಾದಕರು ಆತನ ಕಣ್ಣಿಗೆ ಬಿದ್ದರು. ನಾಳೆ ನನಗೂ ಇದೇ ಗತಿ ಎನ್ನಿಸಿತು, ಚಿತ್ರಕಾರನಾಗಬೇಕೆಂದು ನಿಶ್ಚಯಿಸಿದ. ಇದನ್ನು ಆತ ಮುಂದೆ ಅನೇಕ ಸಲ ನಗುತ್ತ ಹೇಳಿಕೊಂಡಿದ್ದಾನೆ.

ನಿಶ್ಚಯವೇನೋ ಸುಲಭ. ಶುಲ್ಕ ಕೊಡುವವರು ಯಾರು? ಇಲ್ಲಿ ಒಂದು ಶಾಸನದ ವಿಷಯ ಹೇಳಬೇಕು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1944ರ ಜೂನ್ 22ರಂದು ಸಹಿ ಮಾಡಿದ, ಜನ ‘ಜಿ.ಐ. ಬಿಲ್’ ಎಂದು ಕರೆದ ಕಾಯಿದೆಯದು. ತೊಂಬತ್ತು ದಿನವಾದರೂ ಸೇವೆ ಸಲ್ಲಿಸಿ, ಅಗೌರವದ ಕಾರಣಕ್ಕಲ್ಲದೆ ಬಿಡುಗಡೆ ಹೊಂದಿದ ಯೋಧನು ಓದಲಿಚ್ಛಿಸಿದರೆ, ವರ್ಷಕ್ಕೆ 500 ಡಾಲರುಗಳವರೆಗೆ ಶುಲ್ಕ, ಪುಸ್ತಕ, ಸಲಕರಣೆಗಳ ವೆಚ್ಚವನ್ನು ಸರ್ಕಾರ ಕೊಡುತ್ತಿತ್ತು. ಅದರ ಮೇಲೆ ತಿಂಗಳಿಗೆ 50 ಡಾಲರು, ಅವಲಂಬಿತರಿದ್ದರೆ 75 ಡಾಲರು ಜೀವನಾಂಶ. ಈ ಮೊತ್ತವನ್ನು ಮರುವರ್ಷವೇ ಹೆಚ್ಚಿಸಿದರು. ಸೇವಾವಧಿಗೆ ತಕ್ಕಂತೆ ನಾಲ್ಕು ವರ್ಷಗಳವರೆಗೂ ಓದಬಹುದಾಗಿತ್ತು. ಇಪ್ಪತ್ತೈದು ದಾಟಿದವರು ತಮ್ಮ ವಿದ್ಯಾಭ್ಯಾಸಕ್ಕೆ ಯುದ್ಧದಿಂದ ಭಂಗ ಬಂದಿತೆಂದು ಸಾಧಿಸಿ ತೋರಿಸಬೇಕೆಂಬ ನಿಬಂಧನೆ ಮೊದಲು ಇತ್ತು. 1945ರ ಕೊನೆಗೆ ಅದನ್ನೂ ತೆಗೆದುಹಾಕಿದರು.

ಇದರ ಪರಿಣಾಮ ಅಗಾಧವಾಯಿತು. 1956ರಲ್ಲಿ ಆ ಮೊದಲ ಯೋಜನೆ ಮುಗಿಯುವ ಹೊತ್ತಿಗೆ ಸುಮಾರು 78 ಲಕ್ಷ ಮಂದಿ ಯಾವುದಾದರೊಂದು ಶಿಕ್ಷಣವನ್ನೋ ತರಬೇತಿಯನ್ನೋ ಪಡೆದಿದ್ದರು. ಅವರಲ್ಲಿ 22 ಲಕ್ಷ ಮಂದಿ ಕಾಲೇಜು ಮೆಟ್ಟಿಲು ಹತ್ತಿದವರು. ಎಲ್ಲರಿಗೂ ಅದು ಸಮನಾಗಿ ಸಿಕ್ಕಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕಾಯಿದೆಯ ಅಕ್ಷರದಲ್ಲಿ ಭೇದವಿಲ್ಲದಿದ್ದರೂ, ಕರಿಯ ಯೋಧರಿಗೆ, ಮುಖ್ಯವಾಗಿ ದಕ್ಷಿಣದ ರಾಜ್ಯಗಳಲ್ಲಿ, ಬಾಗಿಲುಗಳು ಮುಚ್ಚಿಯೇ ಇದ್ದವು. ವಿದ್ವಾಂಸರಿಗೂ ಅಳುಕಿತ್ತು. ಷಿಕಾಗೋ ವಿಶ್ವವಿದ್ಯಾನಿಲಯದ ಮುಖ್ಯಸ್ಥ ರಾಬರ್ಟ್ ಹಚಿನ್ಸ್, ಹಾರ್ವರ್ಡಿನ ಜೇಮ್ಸ್ ಕೊನಾಂಟ್ ಇಬ್ಬರೂ ಅಯೋಗ್ಯರು ನುಗ್ಗಿ ಬಂದು ವಿದ್ಯಾಲಯಗಳ ಮಟ್ಟ ಕೆಡುವುದೆಂದು ಹೆದರಿದ್ದರು. ಬಂದವರು ಶ್ರದ್ಧೆಯಿಂದ ಓದಿದ್ದನ್ನು ಕಂಡು ಕೊನಾಂಟ್ ಆಮೇಲೆ ತಮ್ಮ ಮಾತನ್ನು ತಿದ್ದಿಕೊಂಡರು. ಅಧ್ಯಾಪಕನಾಗಿದ್ದ ನನಗೆ ಇಂಥ ತಿದ್ದುಪಡಿಗಳ ಬೆಲೆ ಗೊತ್ತು. ನಮ್ಮ ವೃತ್ತಿಯಲ್ಲಿ ಅವು ವಿರಳ.

ಆ ಕಾಯಿದೆಯ ಒಂದು ಗುಣವನ್ನು ಮಾತ್ರ ವಿಶೇಷವಾಗಿ ಗಮನಿಸಬೇಕು. ಹಣ ಅಭ್ಯರ್ಥಿಯ ಹಿಂದೆ ಬರುತ್ತಿತ್ತು. ಸಂಗೀತಗಾರನಾಗಿದ್ದವನು ಚಿತ್ರಶಾಲೆಗೆ ಹೋಗುತ್ತೇನೆಂದರೆ, ಶಾಲೆ ಸೇರಿಸಿಕೊಳ್ಳಲು ಒಪ್ಪಿದರೆ ಸಾಕು, ನಿನಗೆ ಅದರಲ್ಲಿ ಪ್ರತಿಭೆ ಉಂಟೇ ಎಂದು ಸರ್ಕಾರ ಕೇಳುತ್ತಿರಲಿಲ್ಲ. ಮಾಡಿದ ಸೇವೆಯೇ ಅರ್ಹತೆ. ಬೆಂಗ್ಯಾಟನ ಬಾಳಿನಲ್ಲಿ ಈ ಸಣ್ಣ ಅಂಶವೇ ನಿರ್ಣಾಯಕವಾಯಿತೆಂದು ನನ್ನ ಅಭಿಪ್ರಾಯ.

ಏಕೆಂದರೆ ಆತ ಈ ವೇತನದ ಬಲದಿಂದ ನ್ಯೂಯಾರ್ಕಿನ ಜಾಹೀರಾತು ಕಲೆಯ ಶಾಲೆಯೊಂದನ್ನು ಸೇರಿದನು; ಸೇರಿದ ಮೇಲೆ ಚಿತ್ರ ಬರೆಯುವುದರಲ್ಲಿ ಸೋತನು. ಮನುಷ್ಯಾಕೃತಿ ಆತನ ಕೈಗೆ ಹತ್ತಲೇ ಇಲ್ಲ. ನಿನಗೆ ಇದು ಬಾರದು, ಡ್ರಮ್ ಬಾರಿಸಿಕೊಂಡಿರು ಎಂಬರ್ಥದ ಮಾತು ಮೇಷ್ಟರೊಬ್ಬರಿಂದ ಬಂದಿತಂತೆ. ಮೇಷ್ಟರ ತೀರ್ಪು ತಪ್ಪೆನ್ನುವಂತಿಲ್ಲ. ಆತ ಕೊನೆಯವರೆಗೂ ದೊಡ್ಡ ಚಿತ್ರಕಾರನಾಗಲಿಲ್ಲ. ಆದರೆ ತೀರ್ಪಿನ ಜೊತೆಗೆ ವೇತನ ನಿಲ್ಲಲಿಲ್ಲ. ಅನ್ನದ ದಾರಿ ತೆರೆದೇ ಇದ್ದುದರಿಂದ ಪಕ್ಕದ ಕೋಣೆಯ ಬಾಗಿಲು ತಟ್ಟಲು ಆತನಿಗೆ ಬಿಡುವು ದೊರೆಯಿತು. ಪುಟವಿನ್ಯಾಸವನ್ನೂ ಅಕ್ಷರಲೇಖನವನ್ನೂ ಕಲಿತ. ಅಕ್ಷರ, ಚಿತ್ರ, ಬಣ್ಣ, ಬರಿಯ ಬಿಳಿ ಜಾಗ ಇವುಗಳನ್ನು ಹಾಳೆಯ ಮೇಲೆ ಅರ್ಥವಾಗುವಂತೆ ಹೊಂದಿಸುವ ಈ ವಿದ್ಯೆಗೇ ಇಂದು ಗ್ರಾಫಿಕ್ ಡಿಸೈನ್ ಎನ್ನುತ್ತಾರೆ. ಆತನ ಮೊದಲ ಉದ್ಯೋಗ ಮಾತ್ರ ವಿಚಿತ್ರವಾದದ್ದು: ಸಿನಿಮಾ ಪತ್ರಿಕೆಯೊಂದರಲ್ಲಿ ನಟಿಯರ ಭಾವಚಿತ್ರಗಳು ಸೆನ್ಸಾರಿನವರ ಕಣ್ಣಿಗೆ ಚುಚ್ಚದಂತೆ ಎದೆಯ ಭಾಗಕ್ಕೆ ಬಣ್ಣ ಹಾಯಿಸುವುದು!

ಡ್ರಮ್ಮಿನವನಿಗೆ ಅಕ್ಷರ ಏಕೆ ಒಲಿಯಿತು? ಇದು ನನಗೆ ಬಹುಕಾಲ ಕುತೂಹಲದ ಪ್ರಶ್ನೆಯಾಗಿತ್ತು. ಸಂಗೀತವೆಂದರೆ ಕಿವಿಗೆ ಹಿತವಾಗುವಂತೆ ನಾದಗಳನ್ನು ಜೋಡಿಸುವುದು, ವಿನ್ಯಾಸವೆಂದರೆ ಕಣ್ಣಿಗೆ ಹಿತವಾಗುವಂತೆ ವಸ್ತುಗಳನ್ನು ಜೋಡಿಸುವುದು, ಎರಡೂ ಒಂದೇ ಕಸುಬು ಎಂಬುದು ಆತನ ನಿಲುವು. ಛಂದಸ್ಸು ಓದಿದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಪದ್ಯವನ್ನು ಮಾತ್ರೆಗಳ ಲೆಕ್ಕದಲ್ಲಿ ಕಟ್ಟುತ್ತೇವೆ, ನಿಜ. ಆದರೆ ಓದುವಾಗ ಅದನ್ನು ಬದುಕಿಸುವುದು ನಡುವಣ ಬಿಡುವು, ಯತಿ. ಅಕ್ಷರಗಳ ಸಾಲಿಗೂ ಹಾಗೆಯೇ. ನೆಟ್ಟಗೆ ನಿಂತ ಎರಡು ಗೆರೆಗಳ ನಡುವೆ ಒಂದಿಷ್ಟು ಜಾಗ ಬಿಟ್ಟು, ದುಂಡಾದ ಎರಡು ಅಕ್ಷರಗಳ ನಡುವೆಯೂ ಅಳತೆಕಡ್ಡಿಯಲ್ಲಿ ಅಷ್ಟೇ ಜಾಗ ಬಿಟ್ಟರೆ, ಎರಡನೆಯದು ಕಣ್ಣಿಗೆ ಅಗಲವಾಗಿ ತೋರುತ್ತದೆ. ದುಂಡಿನ ಮೇಲೂ ಕೆಳಗೂ ಬಿಳಿ ಒಳನುಗ್ಗುವುದೇ ಇದಕ್ಕೆ ಕಾರಣ. ಆದ್ದರಿಂದ ದುಂಡು ದುಂಡಿಗೆ ಹತ್ತಿರ ಸರಿಯಬೇಕು, ಗೆರೆ ಗೆರೆಯಿಂದ ದೂರ ನಿಲ್ಲಬೇಕು. ಇದಕ್ಕೆ ಕೋಷ್ಟಕ ಮಾಡಬಹುದಾದರೂ ಕೊನೆಯ ತೀರ್ಮಾನ ಕಣ್ಣಿನದು. ತಾಳಗಾರನಿಗೆ ಅಭ್ಯಾಸವಾಗಿರುವುದು ಇಂಥದೇ ತೀರ್ಮಾನ: ಎಲ್ಲಿ ಬಾರಿಸಬೇಕೆನ್ನುವಷ್ಟೇ ಎಲ್ಲಿ ಸುಮ್ಮನಿರಬೇಕೆಂಬುದು.

ಸೀಸದ ಮೊಳೆಗಳ ಕಾಲದಲ್ಲಿ ಈ ಸೂಕ್ಷ್ಮಕ್ಕೆ ಅವಕಾಶ ಕಡಿಮೆ. ಪ್ರತಿಯೊಂದು ಅಕ್ಷರವೂ ತನ್ನ ಲೋಹದ ತುಂಡಿನ ಮೇಲೆ ಕುಳಿತಿರುತ್ತದೆ. ತುಂಡಿಗೆ ತುಂಡು ತಾಗಿದ ಮೇಲೆ, ಲೋಹವನ್ನು ಅರೆಯದೆ, ಅಕ್ಷರಗಳು ಇನ್ನೂ ಹತ್ತಿರ ಬರಲಾರವು. ಅಕ್ಷರಗಳನ್ನು ಫಿಲ್ಮಿನ ಮೇಲೆ ಒಂದೊಂದಾಗಿ ಛಾಯಾಗ್ರಹಣದಿಂದ ಮೂಡಿಸುವ ವಿಧಾನ ಬಂದಾಗ ಈ ಕಟ್ಟು ಸಡಿಲವಾಯಿತು. ಅವು ಹತ್ತಿರ ಸರಿದವು, ತಾಗಿದವು, ಒಂದರ ಮೇಲೊಂದು ಹಾಯ್ದವು. ಈ ಕೆಲಸಕ್ಕೆಂದೇ 1936ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾಗಿದ್ದ ಫೋಟೋ-ಲೆಟರಿಂಗ್ ಎಂಬ ಸಂಸ್ಥೆಗೆ ಬೆಂಗ್ಯಾಟ್ 1962ರಲ್ಲಿ ವಿನ್ಯಾಸದ ಮುಖ್ಯಸ್ಥನಾಗಿ ಹೋದ. ಆತನ ಲಯಜ್ಞಾನಕ್ಕೆ ತಕ್ಕ ಯಂತ್ರ ಅಲ್ಲಿ ಕಾದಿತ್ತು. ಸೂವನೀರ್, ಕೊರಿನ್ನಾ, ಬುಕ್‌ಮನ್ ಮೊದಲಾದ ಹಳೆಯ ಶೈಲಿಗಳನ್ನು ಎಪ್ಪತ್ತರ ದಶಕದಲ್ಲಿ ಆತ ಹೊಸ ಕಾಲಕ್ಕೆ ಒಗ್ಗಿಸಿದನು. ಮುಂದೆ ದಶಕಗಳ ಕಾಲ ನ್ಯೂಯಾರ್ಕಿನ ಸ್ಕೂಲ್ ಆಫ್ ವಿಷುಯಲ್ ಆರ್ಟ್ಸ್‌ನಲ್ಲಿ ಪಾಠ ಹೇಳಿದ. 1947ರಲ್ಲಿ ವ್ಯಂಗ್ಯಚಿತ್ರಕಾರರ ಪುಟ್ಟ ಶಾಲೆಯಾಗಿ ಹುಟ್ಟಿದಾಗ ಅಲ್ಲಿ ಕಲಿಯಬಂದ ಮೊದಲ ವಿದ್ಯಾರ್ಥಿಗಳಲ್ಲಿ ಬಹುಪಾಲು ಯುದ್ಧದಿಂದ ಮರಳಿದ ಯೋಧರೇ.

ನಮ್ಮ ಲಿಪಿಯಲ್ಲಿ ನೆಟ್ಟನೆಯ ಗೆರೆಗಳಿಗಿಂತ ದುಂಡುಗಳೇ ಹೆಚ್ಚು. ಅದರ ಮೇಲೆ ತಲೆಕಟ್ಟು, ಕೆಳಗೆ ಒತ್ತಕ್ಷರ. ಒತ್ತು ಕೆಳಗಿಳಿದು ಬಲಕ್ಕೆ ಚಾಚಿಕೊಂಡಾಗ ಮುಂದಿನ ಅಕ್ಷರವನ್ನು ದೂರ ತಳ್ಳುತ್ತದೆ. ಪದದ ನಡುವೆ ಹಲ್ಲು ಬಿದ್ದಂಥ ಸಂದು ಕಾಣುತ್ತದೆ. ಅದನ್ನು ಮುಚ್ಚಬೇಕಾದರೆ ಕನ್ನಡ ಬಲ್ಲ ಕಣ್ಣೂ ಲಯ ಬಲ್ಲ ಕೈಯೂ ಕೂಡಬೇಕು.

ಈ ಮಾತು ಬಂದಾಗ ನನ್ನದೊಂದು ವಿಷಯವನ್ನು ಹೇಳದೆ ದಾಟುವುದು ಸರಿಯಾಗದು. 1993ರ ಮಾತು. ನನ್ನಲ್ಲಿ ಬಿ.ಎ. ಓದಿ, ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ತರುಣನೊಬ್ಬ ಒಂದು ಸಂಜೆ ಮನೆಗೆ ಬಂದ. ಹೊರರಾಜ್ಯದಲ್ಲಿ ಅಕ್ಷರವಿನ್ಯಾಸ ಕಲಿಯಬೇಕೆಂದಿದ್ದ. ವಿದ್ಯಾರ್ಥಿವೇತನವೊಂದಿದೆ, ಅದು ದೊರೆತರೆ ಕೆಲಸಕ್ಕೆ ರಾಜೀನಾಮೆ ಕೊಡುತ್ತೇನೆ ಎಂದ. “ಸರ್, ತಾವೊಂದು ಶಿಫಾರಸು ಪತ್ರ ಬರೆದುಕೊಡಬೇಕು” ಎಂದು ಕೇಳಿದ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಅವನೇ ಮುಖಪುಟ ಬರೆದಿದ್ದ. ಅದರ ಮೇಲಿನ ಸರಸ್ವತಿಯ ಬೆರಳುಗಳು ಬೆಂಡೆಕಾಯಿಯಂತಿದ್ದವೆಂದು ನಾವು ಅಧ್ಯಾಪಕರು ನಕ್ಕಿದ್ದೆವು. “ನೋಡಪ್ಪಾ, ಕೈಯಲ್ಲಿರುವ ನೌಕರಿ ಬಿಡಬೇಡ. ಚಿತ್ರ ನಿನ್ನ ದಾರಿಯಲ್ಲ” ಎಂದೆ. ಅವನು ವಾದಿಸಲಿಲ್ಲ, ಪತ್ರ ಮಾತ್ರ ಬೇಕೆಂದ. ಬರೆದುಕೊಟ್ಟೆ. ಶೀಲವಂತ, ಪರಿಶ್ರಮಿ, ಚಿತ್ರರಚನೆಯಲ್ಲಿ ಸಾಧಾರಣ ಎಂದು ಬರೆದೆ. ನಾನು ಬರೆದದ್ದು ನಿಜವೆಂದು ಆಗ ನಂಬಿದ್ದೆ. ಈಗಲೂ ಅದು ಸುಳ್ಳೆನ್ನಲಾರೆ. ವೇತನ ಅವನಿಗೆ ಬರಲಿಲ್ಲ. ಬ್ಯಾಂಕಿನಲ್ಲಿಯೇ ಮುಂದುವರಿದ; ಬಡ್ತಿಯೂ ಸಿಕ್ಕಿತೆಂದು ಕೇಳಿದೆ.

ಈ ಭಾಷಣಕ್ಕೆ ಸಿದ್ಧನಾಗುತ್ತಿದ್ದಾಗ ಹಳೆಯ ಕಪಾಟಿನಿಂದ ಆ ಸಂಚಿಕೆಯನ್ನು ಹುಡುಕಿ ತೆಗೆದೆ. ಸರಸ್ವತಿಯ ಬೆರಳುಗಳು ಈಗಲೂ ಬೆಂಡೆಕಾಯಿಗಳೇ. ಅವುಗಳ ಮೇಲೆ, ಹಾಳೆಯ ಅಗಲಕ್ಕೂ, ಕಾಲೇಜಿನ ಹೆಸರನ್ನು ಅವನು ಕುಂಚದಲ್ಲಿ ಬರೆದಿದ್ದಾನೆ. ಅದರಲ್ಲಿ ಮೂರು ಒತ್ತಕ್ಷರಗಳಿವೆ. ಮೂರನ್ನೂ ಮುಂದಿನ ಅಕ್ಷರದ ದುಂಡಿನ ಅಡಿಗೆ ಹೆಗಲು ಕೊಟ್ಟಂತೆ ಸೇರಿಸಿದ್ದಾನೆ, ಎಲ್ಲಿಯೂ ಸಂದಿಲ್ಲ. ಇಷ್ಟು ವರ್ಷ ನಾನು ಆ ಸಾಲನ್ನು ಓದಿದ್ದೆನೇ ಹೊರತು ನೋಡಿರಲಿಲ್ಲ.