ಝಟಕಾ ಯಂತ್ರದ ಚಿಪ್ ಸುಟ್ಟಾಗ

ಶಹಾಪುರ, ಸುರಪುರ ತಾಲೂಕುಗಳ ನೀರಾವರಿ ಗದ್ದೆಗಳಲ್ಲೂ ಯಾದಗಿರಿ ಸುತ್ತಲಿನ ಶೇಂಗಾ, ತೊಗರಿ ಹೊಲಗಳಲ್ಲೂ ಕಾಡುಹಂದಿಯನ್ನು ದೂರವಿಡಲು ನೆರವಾಗುವ ಝಟಕಾ ಯಂತ್ರವು 12 ವೋಲ್ಟ್ ಬ್ಯಾಟರಿಯ ವಿದ್ಯುತ್ತನ್ನು ಕೆಲವು ನೂರು ವೋಲ್ಟಿಗೆ ಏರಿಸಿ, ಕೆಪ್ಯಾಸಿಟರಿನಲ್ಲಿ ಕೂಡಿಟ್ಟು, ಥೈರಿಸ್ಟರ್ ಎಂಬ ವಿದ್ಯುನ್ಮಾನ ಸ್ವಿಚ್ಚಿನ ಮೂಲಕ ಸುಮಾರು ಸೆಕೆಂಡಿಗೊಮ್ಮೆ ಟ್ರಾನ್ಸ್‌ಫಾರ್ಮರಿಗೆ ಹರಿಸಿ, ಬೇಲಿ ತಂತಿಯಲ್ಲಿ ಸಾವಿರಾರು ವೋಲ್ಟಿನ ಕ್ಷಣಿಕ ಮಿಡಿತವನ್ನು ಹುಟ್ಟಿಸುತ್ತದೆ. ಅಂತರರಾಷ್ಟ್ರೀಯ ಮಾನದಂಡವು ಒಂದು ಮಿಡಿತದ ಶಕ್ತಿಯನ್ನು 5 ಜೂಲ್‌ಗೆ ಮಿತಿಗೊಳಿಸಿರುವುದರಿಂದ ಪ್ರಾಣಿ ಸಾಯದೆ, ಬೆದರಿ ಹಿಂದೆ ಸರಿಯುತ್ತದೆ. ಕಂಬದ ಕರೆಂಟನ್ನೇ ನೇರವಾಗಿ ತಂತಿಗೆ ಕೊಡುವುದಾದರೋ ಮನುಷ್ಯರ ಜೀವವನ್ನೂ ತೆಗೆಯುವ ಅಪರಾಧ.

ಇಂಥ ಕೆಲವು ಯಂತ್ರಗಳಲ್ಲಿ ಮಿಡಿತದ ಲಯವನ್ನು ಕಾಯುವುದು 40106ನಂಥ ಲಾಜಿಕ್ ಇನ್ವರ್ಟರ್ ಚಿಪ್. ಅದರ 14 ಕಾಲುಗಳ ನಡುವೆ ಆರು ಗೇಟುಗಳಿದ್ದು, ಪ್ರತಿಯೊಂದೂ ಒಳಬಂದ ಸಂಕೇತದ ವೋಲ್ಟೇಜು ಮೇಲಿದ್ದರೆ ಹೊರಗೆ ಕೆಳಗಿನದನ್ನು, ಕೆಳಗಿದ್ದರೆ ಮೇಲಿನದನ್ನು ಕೊಡುತ್ತದೆ. ಗೇಟಿನೊಳಗಿನ ನಿರೋಧಕ ಪದರ ಅತ್ಯಂತ ತೆಳುವಾದುದರಿಂದ, ಹನ್ನೆರಡು ವೋಲ್ಟಿನ ಆಸುಪಾಸಿನಲ್ಲಿ ದುಡಿಯುವ ಈ ಚಿಪ್ ಪಕ್ಕದಲ್ಲೇ ಹರಿಯುವ ನೂರಾರು ವೋಲ್ಟಿನ ಒಂದೇ ಸೋಂಕಿಗೆ ಹಾಳಾಗುತ್ತದೆ.

ಮಿಡಿತ ನಿಂತ ಯಂತ್ರವನ್ನು ಪರೀಕ್ಷಿಸುವಾಗ ಬ್ಯಾಟರಿ ಮತ್ತು ಬೇಲಿಯ ತಂತಿಗಳನ್ನು ಬಿಡಿಸಿದ ಮೇಲೂ ಕೆಪ್ಯಾಸಿಟರಿನಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುವುದರಿಂದ, ದಪ್ಪ ರೆಸಿಸ್ಟರಿನ ಮೂಲಕ ಅದನ್ನು ಬರಿದುಮಾಡಿ, ಮೀಟರಿನಲ್ಲಿ ಖಚಿತಪಡಿಸಿಕೊಂಡೇ ಮುಂದುವರಿಯಬೇಕು. ಬಳಿಕ ಹೆಚ್ಚಿನ ವೋಲ್ಟಿನ ಭಾಗವನ್ನು ಬೇರ್ಪಡಿಸಿ, ಚಿಪ್ಪಿಗೆ ಮಾತ್ರ 12 ವೋಲ್ಟ್ ಕೊಟ್ಟು 14 ಮತ್ತು 7ನೆಯ ಕಾಲುಗಳ ನಡುವೆ ಅದು ತಲುಪಿದೆಯೇ ಎಂದು ನೋಡಬೇಕು. ಚಿಪ್ ಬಿಸಿಯೇರಿದರೆ ಒಳಗೆ ಶಾರ್ಟ್ ಆಗಿರುವ ಸಂಭವವೇ ಹೆಚ್ಚು. ಬಿಸಿಯಾಗದಿದ್ದರೆ, ಬಳಕೆಯಲ್ಲಿಲ್ಲದ ಒಂದು ಗೇಟಿನ ಒಳಗಾಲನ್ನು ರೆಸಿಸ್ಟರಿನ ಮೂಲಕ ಋಣ ತುದಿಗೂ ಆಮೇಲೆ ಧನ ತುದಿಗೂ ಸೇರಿಸಿದಾಗ ಹೊರಗಾಲಿನ ವೋಲ್ಟೇಜು 12ರ ಹತ್ತಿರದಿಂದ ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು. ನಡುವೆ ಎಲ್ಲೋ ಸಿಕ್ಕಿಕೊಂಡಿದ್ದರೆ ಆ ಗೇಟು ಹೋಗಿದೆ.

ದುರಸ್ತಿಯ ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಚಿಪ್ಪನ್ನು ಬದಲಿಸಿದ ಗಳಿಗೆಯಲ್ಲೇ ಹೊಸದೂ ಸುಡುವುದಾದರೆ ಹೆಚ್ಚಿನ ವೋಲ್ಟೇಜು ಅಲ್ಲಿಗೆ ಬಂದ ದಾರಿ ಇನ್ನೂ ತೆರೆದೇ ಇದೆ ಎಂದರ್ಥ. ಥೈರಿಸ್ಟರಿನ ಆನೋಡಿಗೂ ಚಿಪ್ಪಿನಿಂದ ಸಂಕೇತ ಪಡೆಯುವ ಅದರ ಗೇಟ್ ಕಾಲಿಗೂ ನಡುವೆ ಶಾರ್ಟ್ ಆದರೆ ಕೆಪ್ಯಾಸಿಟರಿನ ವಿದ್ಯುತ್ತು ನಿಯಂತ್ರಣದ ತಂತಿಯಲ್ಲೇ ಹಿಮ್ಮುಖವಾಗಿ ನುಗ್ಗುತ್ತದೆ. ಕೆಪ್ಯಾಸಿಟರ್ ಬರಿದಾಗುವಾಗಿನ ಭಾರೀ ಪ್ರವಾಹವೂ ಚಿಪ್ಪೂ ಒಂದೇ ನೆಲತಂತಿಯನ್ನು ಹಂಚಿಕೊಂಡಿದ್ದರೆ ಪ್ರತಿ ಮಿಡಿತಕ್ಕೂ ಚಿಪ್ಪಿನ ಸೊನ್ನೆ ಮಟ್ಟವೇ ಜಿಗಿಯುತ್ತದೆ. ಈ ಸೀಮೆಯಲ್ಲಿ ಮುಂಗಾರಿಗೆ ಮುಂಚಿನ ಗುಡುಗು ಮಳೆಗಳು ಎರೆಮಣ್ಣು ಒಣಗಿ ಬಿರಿದು ಅರ್ತಿಂಗ್ ಸರಳು ಮಣ್ಣಿನ ಹಿಡಿತ ಕಳೆದುಕೊಂಡ ಹೊತ್ತಿನಲ್ಲೇ ಬರುವುದರಿಂದ, ಬೇಲಿಗೆ ತಗುಲಿದ ಸಿಡಿಲಿನ ವಿದ್ಯುತ್ತು ಭೂಮಿಗಿಳಿಯಲಾಗದೆ ಯಂತ್ರದೊಳಕ್ಕೆ ಹೊರಳುವ ಅಪಾಯವೂ ಇದೆ.

ಆದ್ದರಿಂದ ಥೈರಿಸ್ಟರನ್ನು ಅಳೆದು, ಚಿಪ್ಪಿಗೂ ಥೈರಿಸ್ಟರಿನ ಗೇಟಿಗೂ ನಡುವೆ ರೆಸಿಸ್ಟರನ್ನೋ ಬೆಳಕಿನಿಂದಲೇ ಸಂಕೇತ ದಾಟಿಸುವ ಆಪ್ಟೋಕಪ್ಲರನ್ನೋ ಇಟ್ಟು, ನೆಲತಂತಿಗಳನ್ನು ಬೇರ್ಪಡಿಸಿ, ಚಿಪ್ಪಿನ ಬಳಸದ ಗೇಟುಗಳ ಒಳಗಾಲುಗಳನ್ನು ಋಣಕ್ಕೆ ಕಟ್ಟಿದ ಮೇಲೆಯೇ ಹೊಸ ಚಿಪ್ ಕೂಡಿಸುವುದು ಸರಿ. ಮೊದಲು 12 ವೋಲ್ಟಿನಲ್ಲಷ್ಟೇ ಲಯ ಸರಿಯಾಗಿ ಬರುವುದನ್ನು ಕಂಡು, ಅರ್ತಿಂಗ್ ಸರಳಿನ ಸುತ್ತ ನೀರುಣಿಸಿ ಮಣ್ಣು ಒತ್ತಿದ ನಂತರ ಬೇಲಿಯನ್ನು ಜೋಡಿಸಬಹುದು.